ಎಂಜಿನ್ ಆಮೇಲೆ, ಮೊದಲು ತುಕ್ಕು ನೋಡು

ಪ್ರೀತಿಯ ಗೆಳೆಯಾ,

ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಗುಜರಿಗೆ ಕೊಡುವುದಿಲ್ಲ, ಹಾಸನದ ಮನೆಯ ಶೆಡ್ಡಿನಲ್ಲೇ ಬಿಚ್ಚಿ ಸರಿ ಮಾಡುತ್ತೇನೆ ಎಂದು ನೀನು ಬರೆದದ್ದನ್ನು ಓದಿ ಬಹಳ ಖುಷಿಯಾಯಿತು. "ಎಲ್ಲಿಂದ ಶುರು ಮಾಡಲಿ, ಎಂಜಿನ್ ಇಳಿಸಲಾ?" ಅಂತ ಕೇಳಿದ್ದೀಯ. ಎಂಜಿನ್ ಸದ್ಯಕ್ಕೆ ಇದ್ದಲ್ಲೇ ಇರಲಿ. ಮೊದಲು ಕಾರಿನ ಅಡಿಗೆ ಹೋಗಿ ಮಲಗು. ಕೈಯಲ್ಲಿ ಒಂದು ಟಾರ್ಚು, ಒಂದು ಹಳೆ ಸ್ಕ್ರೂಡ್ರೈವರ್ ಇದ್ದರೆ ಸಾಕು. ಉತ್ತರ ಸ್ವಲ್ಪ ಉದ್ದ ಆಗುತ್ತದೆ. ನಿನ್ನ ಹಾಗೆ ಅಪ್ಪನದೋ ತಾತನದೋ ಕಾರು ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಗ್ಯಾರೇಜಿನಲ್ಲಿರುವುದು ನಿನಗೆ ಗೊತ್ತಲ್ಲ, 1972ರ ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 4. ಎರಡೇ ಸೀಟು, ಬಟ್ಟೆಯ ಟಾಪು. ನಾನಿರುವ ಇಂಗ್ಲೆಂಡಿನ ಈ ಕವೆಂಟ್ರಿಯಲ್ಲೇ, ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾದದ್ದು. ಅಲ್ಲಿ ಕಾರು ಜೋಡಿಸುವುದು 1980ರಲ್ಲೇ ನಿಂತಿತು. ಈಗ ಆ ಜಾಗದಲ್ಲಿ ಆಫೀಸುಗಳಿವೆ. ರಸ್ತೆಗಳಿಗೆ ಮಾತ್ರ ಹೆರಾಲ್ಡ್ ಅವೆನ್ಯೂ, ಡಾಲಮೈಟ್ ಅವೆನ್ಯೂ ಎಂದು ಹಳೆಯ ಕಾರುಗಳ ಹೆಸರು. ಆ ಕಡೆ ಹೋದಾಗಲೆಲ್ಲ ಬೋರ್ಡಿನ ಮೇಲೆ ನಿಮ್ಮಪ್ಪನ ಕಾರಿನ ಹೆಸರು ಓದುತ್ತೇನೆ.

ನಿನ್ನ ಕಾರೂ ನನ್ನ ಕಾರೂ ಒಂದೇ ಮನೆತನದವು. ಹೆರಾಲ್ಡ್ 1959ರಲ್ಲಿ ಇಲ್ಲಿ ಬಂತು. ಅದಕ್ಕೆ ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಅದರ ಚಾಸಿಯನ್ನೇ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟನ್ನೇ ಗಿಡ್ಡ ಮಾಡಿ, ಮೇಲೆ ಅವನೇ ಬರೆದ ಎರಡು ಸೀಟಿನ ಬಾಡಿ ಕೂರಿಸಿದ್ದು ಸ್ಪಿಟ್‌ಫೈರ್. ಎರಡನ್ನೂ ಮಾಡಿದ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಯ ಹತ್ತಿರ ಆಗ ದುಡ್ಡಿರಲಿಲ್ಲ, ಮಾದರಿ ಕಾರು ಕಾರ್ಖಾನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. 1961ರಲ್ಲಿ ಲೇಲ್ಯಾಂಡ್ ಆ ಕಂಪನಿಯನ್ನು ಕೊಂಡಿತು. ಅವರ ಕಡೆಯವರು ಬಟ್ಟೆ ಸರಿಸಿ ನೋಡಿ, ಇದನ್ನು ಮಾಡೋಣ ಎಂದರು. 1962ರಲ್ಲಿ ಕಾರು ಮಾರಾಟಕ್ಕೆ ಬಂತು. ನಿನ್ನ 948 ಸಿಸಿ ಎಂಜಿನ್, ನನ್ನ 1296 ಸಿಸಿ ಎಂಜಿನ್ ಕೂಡ ಒಂದೇ ವಂಶದವು. ಅದಕ್ಕೇ ಇಷ್ಟು ಧೈರ್ಯವಾಗಿ ನಿನಗೆ ಹೇಳುತ್ತಿದ್ದೇನೆ.

ಮನೆಯಲ್ಲಿ ರಿಪೇರಿ ಮಾಡುವವರಿಗೆ ಈ ಕಾರುಗಳು ಒಂದು ದೊಡ್ಡ ಉಪಕಾರ ಮಾಡಿವೆ. ಐವತ್ತರ ದಶಕದ ಕೊನೆಗೆ ಹೆಚ್ಚಿನ ಕಂಪನಿಗಳು ಚಾಸಿಯನ್ನೇ ಬಿಟ್ಟು, ಇಡೀ ಕಾರನ್ನು ಒಂದೇ ತಗಡಿನ ಪೆಟ್ಟಿಗೆಯಾಗಿ ಮಾಡತೊಡಗಿದ್ದವು. ಸ್ಟ್ಯಾಂಡರ್ಡ್-ಟ್ರಯಂಫ್‌ಗೆ ಅದು ಆಗಲಿಲ್ಲ. ಅವರಿಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಕಂಪನಿ ಕೊಂಡುಬಿಟ್ಟಿತ್ತು. ಹಾಗಾಗಿ ಬಾಡಿಯನ್ನು ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಚಾಸಿಯ ಮೇಲೆ ಬೋಲ್ಟು ಹಾಕಿ ಜೋಡಿಸುವ ದಾರಿ ಹಿಡಿದರು. ಮದ್ರಾಸಿನಂಥ ದೂರದ ಊರಿನಲ್ಲಿ ಬಿಡಿಭಾಗ ತರಿಸಿ ಕಾರು ಜೋಡಿಸುವುದಕ್ಕೂ ಇದೇ ಅನುಕೂಲವಾಯಿತು. ಬಾನೆಟ್ಟು, ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಒಟ್ಟಿಗೇ ಮುಂದಕ್ಕೆ ಮಗುಚಿಕೊಳ್ಳುತ್ತವೆ. ಮುಂದಿನ ಟೈರಿನ ಮೇಲೆ ಕೂತು ಕಾರ್ಬುರೇಟರ್ ಬಿಚ್ಚಬಹುದು. ಇಷ್ಟು ಸಲೀಸಾಗಿ ಕೈಗೆ ಸಿಗುವ ಕಾರು ನಾನು ಬೇರೆ ನೋಡಿಲ್ಲ.

ಈಗ ತುಕ್ಕಿನ ವಿಷಯ. ಇಲ್ಲಿ ನಿನ್ನ ಕಾರಿಗೂ ನನ್ನದಕ್ಕೂ ವ್ಯತ್ಯಾಸ ಇದೆ, ಸರಿಯಾಗಿ ಕೇಳು.

ಸ್ಪಿಟ್‌ಫೈರಿನ ಚಾಸಿ ನಡುವೆ ಮಾತ್ರ ಬೆನ್ನೆಲುಬಿನ ಹಾಗಿದೆ, ಪಕ್ಕಕ್ಕೆ ಏನೂ ಇಲ್ಲ. ಮೇಲೆ ಛಾವಣಿಯೂ ಇಲ್ಲ. ಹಾಗಾಗಿ ಕಾರು ನಡುವಿನಲ್ಲಿ ಕುಗ್ಗದಂತೆ ಹಿಡಿಯುವ ಭಾರದಲ್ಲಿ ದೊಡ್ಡ ಪಾಲು ಬಾಗಿಲ ಕೆಳಗಿನ ಸಿಲ್‌ನದ್ದು. ಅದರಲ್ಲಿ ಒಳಗಿನ ತಗಡು, ನಡುವೆ ಬಲದ ತಗಡು, ಹೊರಗಿನ ತಗಡು ಎಂದು ಮೂರು ಪದರ. ಹೊರಗಿನದು ಬಣ್ಣ ಬಳಿದುಕೊಂಡು ಚೆನ್ನಾಗಿ ಕಾಣುತ್ತಿರುತ್ತದೆ, ಒಳಗಿನದು ಪುಡಿಯಾಗಿರುತ್ತದೆ. ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಸಲಾಕೆ ಕಟ್ಟಿ ಬಿಗಿ ಮಾಡಬೇಕು. ಬಾಡಿ ಚಾಸಿಯ ಮೇಲೇ ಇರಬೇಕು. ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋಗಬೇಕು. ಆಗಾಗ ಬಾಗಿಲು ತೂಗುಹಾಕಿ ಸಂದು ನೋಡುತ್ತಲೇ ಇರಬೇಕು. ಇದ್ಯಾವುದೂ ಮಾಡದೆ ಕತ್ತರಿಸಿದರೆ ಬಾಡಿ ನಡುವೆ ಕುಸಿಯುತ್ತದೆ. ಮತ್ತೆ ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ.

ನಿನ್ನ ಹೆರಾಲ್ಡಿನಲ್ಲಿ ಸಿಲ್ ಬರೀ ಮುಚ್ಚಳ, ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತದೆ. ಭಾರ ಹೊರುವುದೆಲ್ಲ ಚಾಸಿ. ನಡುವಿನಿಂದ ಪಕ್ಕಕ್ಕೆ ಚಾಚಿದ ಕೈಗಳು, ಅವನ್ನು ಸೇರಿಸುವ ಉದ್ದನೆಯ ಪಕ್ಕದ ಪಟ್ಟಿ, ಹಿಂದೆ ಡಿಕ್ಕಿಯ ಕೆಳಗಿನ ಭಾಗ, ಈ ಮೂರನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಕೊಳೆತದ್ದು ಸುಮ್ನೆ ಒಳಗೆ ಹೋಗುತ್ತದೆ. ಎಲ್ಲಿ ಒಳಗೆ ಹೋಯಿತೋ ಅಲ್ಲಿ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ ಫೋಟೋ ತೆಗೆ. ಟಿಂಕರಿಂಗ್ ಮಾಡುವವರು ತುಕ್ಕಿನ ಮೇಲೆಯೇ ಪ್ಯಾಚ್ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದುಕೊಡುತ್ತೇನೆ ಎಂದರೆ ಒಪ್ಪಬೇಡ. ತುಕ್ಕನ್ನು ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಹೊಸ ತಗಡು ಗಟ್ಟಿ ಕಬ್ಬಿಣಕ್ಕೇ ಅಂಟಬೇಕು. ವೆಲ್ಡಿಂಗ್ ಶುರು ಮಾಡುವ ಮೊದಲು ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಸೀಟು, ಕಾರ್ಪೆಟ್ಟು ಎಲ್ಲ ಹೊರಗೆ.

ಇನ್ನೊಂದು ಜಾಗ ಇದೆ, ಅದರ ಬಗ್ಗೆ ನನಗೆ ನಿಜವಾಗಲೂ ಭಯ. ಮುಂದಿನ ಚಕ್ರ ತಿರುಗುವ ಕಂಬದ ಕೆಳತುದಿಯಲ್ಲಿ ಹಿತ್ತಾಳೆ ಬಣ್ಣದ ಒಂದು ತುಂಡು ಇರುತ್ತದೆ, ಟ್ರನಿಯನ್ ಅಂತಾರೆ. ಕಂಬದ ತುದಿಯ ತಿರುಪು (ಥ್ರೆಡ್) ಅದರೊಳಗೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪೇ ತಿರುಗುವುದು. ಅದಕ್ಕೆ ಗ್ರೀಸ್ ಸಾಲದು, ಗೇರ್ ಆಯಿಲ್ ಹಾಕಬೇಕು, ಇಪಿ 90. ಎಣ್ಣೆ ಇಲ್ಲದೆ ನೀರು ಸೇರಿದರೆ ಕಂಬ ಒಳಗೊಳಗೇ ತುಕ್ಕು ಹಿಡಿದು, ಒಂದು ದಿನ ತುಂಡಾಗಿ ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. ನಿಮ್ಮ ಕಾರು ಎಷ್ಟೋ ಮಳೆಗಾಲ ನಿಂತಲ್ಲೇ ನಿಂತಿದೆ. ಆದ್ದರಿಂದ ಅದನ್ನು ಬಿಚ್ಚಿ ಕಣ್ಣಾರೆ ನೋಡದೆ ಗೇಟಿನಾಚೆ ಓಡಿಸಬೇಡ. ಇದೊಂದು ಮಾತು ನಡೆಸಿಕೊಡು.

ಎಂಜಿನ್ ವಿಷಯಕ್ಕೆ ಬಂದರೆ, ಇದು ಗಟ್ಟಿ ಕುಳ. ನಾಲ್ಕೂ ಪ್ಲಗ್ ಬಿಚ್ಚಿ, ಸಿಲಿಂಡರುಗಳಿಗೆ ಒಂದಿಷ್ಟು ಎಣ್ಣೆ ಬಿಟ್ಟು, ಎರಡು ದಿನ ಬಿಡು. ಆಮೇಲೆ ಎಂಜಿನ್ನಿನ ಮುಂದಿರುವ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸು. ತಿರುಗಿದರೆ ಅರ್ಧ ಗೆದ್ದ ಹಾಗೆ. ಸ್ಟಾರ್ಟ್ ಮಾಡುವ ಮೊದಲು ಇನ್ನೊಂದು ಪರೀಕ್ಷೆ ಇದೆ. ತಮ್ಮನಿಗೆ ಕ್ಲಚ್ ಒತ್ತಿ ಬಿಡಲು ಹೇಳಿ, ನೀನು ಆ ಪುಲ್ಲಿಯನ್ನೇ ನೋಡುತ್ತಿರು. ಅದು ಹಿಂದೆ ಮುಂದೆ ಕಣ್ಣಿಗೆ ಕಾಣುವಷ್ಟು ಆಡಿದರೆ ಒಳಗೆ ಕ್ರ್ಯಾಂಕು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದೆ ಅಂತ ಲೆಕ್ಕ. ಅರ್ಧಚಂದ್ರದಂಥ ಎರಡು ಸಣ್ಣ ತುಂಡು, ಬೆಲೆ ಏನೂ ಇಲ್ಲ. ಅವು ಸವೆದು ಕೆಳಗೆ ಬಿದ್ದರೆ ಕ್ರ್ಯಾಂಕು ಬ್ಲಾಕನ್ನೇ ಉಜ್ಜಿ ಹಾಳು ಮಾಡುತ್ತದೆ. ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ (ಸಂಪ್) ಬಿಚ್ಚಿದರೆ ಕೆಳಗಿನಿಂದಲೇ ಬದಲಾಯಿಸಬಹುದು, ಎಂಜಿನ್ ಇಳಿಸಬೇಕಿಲ್ಲ.

ವೈರಿಂಗ್ ನೋಡಿ ಹೆದರಬೇಡ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪ್ರತಿ ಬಣ್ಣಕ್ಕೂ ಒಂದು ಕೆಲಸ. ಕಂದು ವೈರು ನೇರ ಬ್ಯಾಟರಿಯದ್ದು, ಬಿಳಿ ಇಗ್ನಿಷನ್, ಹಸಿರು ಅದರ ಫ್ಯೂಸ್ ದಾಟಿದ ಮೇಲಿನದು, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ತಿಂಗಿಗೆ. ಒಂದೇ ಎಚ್ಚರಿಕೆ, ಆ ಕಾಲದ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಕೊಟ್ಟಿರುತ್ತಾರೆ. ಹೊಸ ಬ್ಯಾಟರಿ ಜೋಡಿಸುವ ಮೊದಲು ಅದನ್ನು ಖಾತ್ರಿ ಮಾಡಿಕೋ.

ಬಣ್ಣ ಮಾತ್ರ ಮನೆಯಲ್ಲಿ ಹೊಡೆಯಬೇಡ. ಈಗಿನ ಎರಡು ಡಬ್ಬ ಬೆರೆಸಿ ಹೊಡೆಯುವ ಪೇಂಟಿನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಆಯುಷ್ಯವಿಡೀ ಉಬ್ಬಸ ಬರಬಹುದು. ಹೊರಗಿನಿಂದ ಗಾಳಿ ಕೊಡುವ ಮುಖವಾಡ ಇಲ್ಲದೆ ಯಾರೂ ಅದನ್ನು ಮುಟ್ಟಬಾರದು. ನಾನು ತಗಡಿನ ಕೆಲಸ, ಪ್ರೈಮರ್‌ಗೆ ಮುಂಚಿನ ಉಜ್ಜುವುದು ಎಲ್ಲ ನಾನೇ ಮಾಡಿಕೊಂಡು, ಬಣ್ಣವನ್ನು ಪೇಂಟ್ ಬೂತ್ ಇರುವವರಿಗೆ ಕೊಟ್ಟೆ. ನೀನೂ ಹಾಗೇ ಮಾಡು.

ಇನ್ನೊಂದು ಮಾತು, ಇದು ಬಹಳ ಮುಖ್ಯ ಅಂತ ನನಗನಿಸುತ್ತದೆ. ಇಲ್ಲಿ ಸ್ಪಿಟ್‌ಫೈರಿಗೆ ಸಿಲ್‌ನಿಂದ ಹಿಡಿದು ಸಣ್ಣ ಕ್ಲಿಪ್ಪಿನವರೆಗೆ ಹೊಸದು ಸಿಗುತ್ತದೆ. ಆದರೆ ನಿಮ್ಮದು ನಾಲ್ಕು ಬಾಗಿಲ ಹೆರಾಲ್ಡ್. ಅಂಥದ್ದು ಇಂಗ್ಲೆಂಡಿನಲ್ಲಿ ಬರಲೇ ಇಲ್ಲ, ಮದ್ರಾಸಿನಲ್ಲಿ ಮಾತ್ರ ಆಯಿತು. ಇಲ್ಲಿನ ಟ್ರಯಂಫ್ ಕ್ಲಬ್ಬಿನ ಹಿರಿಯರಿಗೆ ನಿನ್ನ ಫೋಟೋ ತೋರಿಸಿದೆ, ಫೋನ್ ಕೈಯಿಂದ ಕೈಗೆ ಹೋಯಿತು. ಹಿಂದಿನ ಬಾಗಿಲು, ಅದರ ಗಾಜಿನ ಚೌಕಟ್ಟು, ರಬ್ಬರು, ಹಿಡಿ, ಒಂದನ್ನೂ ಬಿಸಾಡಬೇಡ. ಮುರಿದಿದ್ದರೂ ಮಾದರಿಗೆ ಬೇಕು. ಬಿಚ್ಚಿದ ಪ್ರತಿ ಬೋಲ್ಟನ್ನೂ ಕವರಿಗೆ ಹಾಕಿ, ಎಲ್ಲಿಯದು ಅಂತ ಬರೆದಿಡು. ಆ ಕಾರು ಹೊಚ್ಚಹೊಸದರಂತೆ ಮಿಂಚದಿದ್ದರೂ ಪರವಾಗಿಲ್ಲ. ಮದ್ರಾಸಿನಲ್ಲಿ ಹಾಕಿದ ಭಾಗಗಳು ಎಷ್ಟು ಉಳಿಯುತ್ತವೋ ಅಷ್ಟು ಉಳಿಯಲಿ. ಸೀಟಿನಲ್ಲಿ ಅಪ್ಪ ಕೂತು ಕೂತು ತಗ್ಗಾದ ಜಾಗವನ್ನೂ ಸರಿ ಮಾಡಿಸಬೇಡ ಅಂತಲೇ ನಾನು ಹೇಳುವುದು.

ಆರ್‌ಸಿ ಎಲ್ಲಿದೆ ಹುಡುಕು. 2021ರಿಂದ ಭಾರತದಲ್ಲಿ 50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿ ಬಂದಿದೆ, ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಆದರೆ ಅದನ್ನು ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಅಷ್ಟೇ. ಅಮ್ಮನನ್ನು ಕೂರಿಸಿಕೊಂಡು ಬೇಲೂರಿಗೆ ಹೋಗುವ ಆಸೆ ಇದ್ದರೆ ಮೊದಲು ಮಾಮೂಲಿ ನೋಂದಣಿ ನವೀಕರಿಸಲು ಆಗುತ್ತದಾ ವಿಚಾರಿಸು.

ಮುಂದೆ ಸಕಲೇಶಪುರದ ಕಡೆ ಘಾಟಿಯಲ್ಲಿ ಓಡಿಸುವ ದಿನ ಬಂದಾಗ ನೆನಪಿರಲಿ, ಹಿಂದಿನ ಚಕ್ರಗಳು ನಡುವಿನಿಂದಲೇ ತೂಗಾಡುವ ಜಾತಿಯವು. ತಿರುವಿನ ನಡುವೆ ಆಕ್ಸಿಲರೇಟರ್ ತಟ್ಟನೆ ಬಿಟ್ಟರೆ ಚಕ್ರ ಒಳಗೆ ಮಡಚಿ ಹಿಂಭಾಗ ಜಾರುತ್ತದೆ. ತಿರುವಿಗೆ ಮೊದಲೇ ನಿಧಾನ ಮಾಡಿ, ತಿರುವಿನಲ್ಲಿ ಸಮನಾಗಿ ಎಳೆಯಬೇಕು. ನನ್ನ ಮಾರ್ಕ್ 4ಕ್ಕೆ ಬರುವಷ್ಟರಲ್ಲಿ ಪಟ್ಟಿ ಸ್ಪ್ರಿಂಗನ್ನು ಬೇರೆ ರೀತಿ ಕೂರಿಸಿ ಇದನ್ನು ಬಹಳ ಮಟ್ಟಿಗೆ ಸರಿ ಮಾಡಿದ್ದರು.

ಚಾಸಿಯ ಫೋಟೋ ಮೊದಲು ಕಳಿಸು, ಆಮೇಲೆ ಎರಡೂ ಟ್ರನಿಯನ್‌ಗಳದ್ದು, ಪಕ್ಕದಲ್ಲಿ ಸ್ಕೇಲ್ ಇಟ್ಟು. ಬೇರೆ ಬೇರೆ ವರ್ಷದವಕ್ಕೆ ಅಳತೆ ಬೇರೆ ಇರಬಹುದು, ಹೊಂದುವುದನ್ನೇ ಕೊಂಡು ಡಿಸೆಂಬರಿನಲ್ಲಿ ಬರುವಾಗ ತರುತ್ತೇನೆ. ಥ್ರಸ್ಟ್ ವಾಷರಿಗೆ ಬೆಂಗಳೂರಿನ ಜೆಸಿ ರೋಡಿನಲ್ಲೂ ಕೇಳಿಸು, ಸಿಗದಿದ್ದರೆ ಅದನ್ನೂ ತರುತ್ತೇನೆ. ನಾನು ಬರುವಷ್ಟರಲ್ಲಿ ಪಕ್ಕದ ಮುಚ್ಚಳಗಳನ್ನು ಬಿಚ್ಚಿ ಇಟ್ಟಿರು, ಇಬ್ಬರೂ ಸೇರಿ ಚಾಸಿಯ ಕೆಲಸ ಶುರು ಮಾಡೋಣ. ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಗೆಳೆಯ