ಎಡಗೈ ರೊಟ್ಟಿ

ಕಳೆದ ಭಾನುವಾರ ಬಳ್ಳಾರಿಯಲ್ಲಿ ನಮ್ಮ ಕೊನೆಯ ವರ್ಷದ ಕಲಾ ಪ್ರದರ್ಶನ ಮುಗಿಯಿತು. ನನ್ನ ಪಾಲಿನ ಗೋಡೆಯ ಬದಿಯಲ್ಲಿ, ಉದ್ದನೆಯ ಹಲಗೆಯೊಂದರ ಮೇಲೆ ಮೂವತ್ತೊಂದು ಸುಟ್ಟ ಮಣ್ಣಿನ ರೊಟ್ಟಿಗಳು ಮೂರು ದಿನ ಕುಳಿತಿದ್ದವು. ಈಗ ಅವು ಗಂಗಾವತಿಯ ನಮ್ಮ ಮನೆಯ ಅಟ್ಟದಲ್ಲಿ ಭತ್ತದ ಹುಲ್ಲಿನ ನಡುವೆ ಮಲಗಿವೆ. ಇದಕ್ಕೆ ಕೈ ಹಚ್ಚಿದವರನ್ನೆಲ್ಲ ನೆನೆಯದೆ ಮುಂದಿನ ಕೆಲಸಕ್ಕೆ ಮನಸ್ಸು ಏಳುತ್ತಿಲ್ಲ. ಹೆಸರು ಹಾಕಬೇಡ ಎಂದು ಕೆಲವರು ಮೊದಲೇ ಹೇಳಿದ್ದಾರೆ. ಹಾಗಾಗಿ ಯಾರ ಹೆಸರೂ ಇಲ್ಲ. ಓದಿದವರಿಗೆ ತಮ್ಮ ಪಾಲು ಯಾವುದೆಂದು ಗೊತ್ತಾಗುತ್ತದೆ.

ನಾನು ಎಡಚಿ. ತಿಗರಿಯ ಮುಂದೆ ಎರಡು ವರ್ಷ ಕುಳಿತರೂ ಮಣ್ಣಿನ ಮುದ್ದೆ ನಡುವಿಗೆ ನಿಲ್ಲಲಿಲ್ಲ. ಕಾಲೇಜಿನ ವಿದ್ಯುತ್ ತಿಗರಿ ತಿರುಗುವುದು ಬಲಗೈಯವರಿಗೆ ಹೊಂದುವಂತೆ. ಬಲಗೈಯಿಂದ ಒತ್ತಲು ಹೋದರೆ ಬಲ ಸಾಲದು, ಎಡಗೈಯಿಂದ ಒತ್ತಿದರೆ ಮುದ್ದೆ ಹಾರಿ ಪಕ್ಕದವಳ ಮಡಿಲಿಗೆ. ಆ ಪಕ್ಕದವಳಿಗೆ ಮೊದಲ ವಂದನೆ. ಎಷ್ಟು ಸಲ ಬಟ್ಟೆ ಒಗೆದುಕೊಂಡಳೋ, ಒಮ್ಮೆಯೂ ಜಾಗ ಬದಲಿಸಲಿಲ್ಲ.

ಹೇಗೋ ಕಷ್ಟಪಟ್ಟು, ಮೊಬೈಲಿನಲ್ಲಿ ನೋಡಿದ ಜಪಾನಿನ ಚಹಾ ಬಟ್ಟಲುಗಳ ನಕಲು ಮಾಡಿದೆ. ನಮ್ಮ ಮೇಡಂ ಒಂದನ್ನು ಕೈಗೆತ್ತಿಕೊಂಡು, “ಮನೆಯಲ್ಲಿ ಚಹಾ ಇಂಥದರಲ್ಲೇ ಕುಡಿಯುತ್ತೀರೇನಮ್ಮಾ?” ಎಂದು ಕೇಳಿದರು. ನಮ್ಮ ಮನೆಯಲ್ಲಿರುವುದು ಸ್ಟೀಲ್ ಲೋಟ. ಮೂರು ದಿನ ಅವರ ಮೇಲೆ ಸಿಟ್ಟಿತ್ತು. ಆಮೇಲೆ ಅವರೇ ನಮ್ಮನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಸಂಗನಕಲ್ಲಿನ ನವಶಿಲಾಯುಗದ ಜನ ತಿಗರಿಯನ್ನು ನೆಚ್ಚದೆ ಕೈಯಿಂದಲೇ ಬೂದು ಬಣ್ಣದ ಮಡಕೆ ಮಾಡುತ್ತಿದ್ದರು ಎಂದು ಅಲ್ಲಿ ತಿಳಿಯಿತು. ನಾಲ್ಕು ಸಾವಿರ ವರ್ಷಗಳ ಹಿಂದಿನ ಮಾತು. ಅವರಲ್ಲೂ ಎಡಚಿಯರು ಇದ್ದೇ ಇದ್ದಿರಬೇಕು, ಯಾರೂ ಅವರ ಅಂಕ ಕಡಿದಿರಲಾರರು ಎಂದುಕೊಂಡೆ. ಅಂದಿನಿಂದ ತಿಗರಿ ಬಿಟ್ಟೆ.

ನಮ್ಮ ಅವ್ವ ಖಾನಾವಳಿಗೆ ರೊಟ್ಟಿ ಬಡಿದುಕೊಡುತ್ತಾಳೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು, ಅಂಗೈಯ ಬುಡದಿಂದ ನಾದಿ, ಒಂದು ಕೈಯಲ್ಲಿ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಬಡಿಯುವ ಅವಳ ಸದ್ದಿಗೇ ನಾನು ದಿನಾ ಏಳುವುದು. ಅಂಚು ಸೀಳಿದರೆ ನಾದಿದ್ದು ಸಾಲದು ಎಂದರ್ಥ. ಮಣ್ಣಿಗೂ ಇದೇ ಮಾತು. ಆದರೆ ಅವ್ವ ನನಗೆ ರೊಟ್ಟಿ ಬಡಿಯಲು ಬಿಟ್ಟವಳೇ ಅಲ್ಲ. ಅನ್ನಕ್ಕೆ ಎಡಗೈ ಸಲ್ಲದು. ಚಿಕ್ಕವಳಿದ್ದಾಗ ಲಟ್ಟಣಿಗೆಯ ಏಟು ಬಿದ್ದದ್ದೂ ಉಂಟು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಾತ್ರ ಯಾವ ಕೈಯೆಂದು ಯಾರೂ ಕೇಳುತ್ತಿರಲಿಲ್ಲ. ನಾನು ಮಾಡಿದ ಎತ್ತುಗಳೇ ಜಗಲಿ ಏರುತ್ತಿದ್ದವು. ಇದೆಲ್ಲ ಒಂದು ದಿನ ಒಟ್ಟಿಗೇ ನೆನಪಾಗಿ, ಕೆರೆಯ ಮಣ್ಣನ್ನು ನಾದಿ ಎಡಗೈಯಿಂದ ರೊಟ್ಟಿ ಬಡಿಯಲು ಕುಳಿತೆ. ಇಪ್ಪತ್ತು ವರ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದೆಲ್ಲ ಆ ಕೈಗೆ ಗೊತ್ತಿತ್ತು.

ಇನ್ನು ಅಜ್ಜನ ವಿಷಯ. ಕಾಲೇಜಿನ ವಿದ್ಯುತ್ ಗೂಡಿನಲ್ಲಿ ಸರದಿ ಸಿಗುವುದು ಕಷ್ಟವಾಗಿ, ಊರ ಹೊರಗಿನ ಕುಂಬಾರ ಅಜ್ಜನ ಆವಿಗೆಗೆ ಹೋದೆ. ಈಗ ಅವರು ಸುಡುವುದು ದೀಪಾವಳಿಯ ಪಣತಿ, ಬೇಸಿಗೆಯ ಹರವಿ, ಅಷ್ಟೇ. ಮಳೆ ಹಿಡಿದಿತ್ತು, ನನಗೆ ಅವಸರ. “ಕೆನ್ನೆಗೆ ಹಿಡಿದು ನೋಡವ್ವಾ, ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ” ಎಂದು ಅಜ್ಜ ಹೇಳಿದರು. ನೋಡಿದೆ. ತಣ್ಣಗೇ ಇತ್ತು. ಒಣಗಿದೆ ಎಂದು ಸುಳ್ಳು ಹೇಳಿದೆ. ಕುಳ್ಳು, ಹೊಟ್ಟು ಒಟ್ಟಿ ಬೆಂಕಿ ಇಟ್ಟು ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಢಬ್ ಢಬ್ ಎಂಬ ಸದ್ದು ಶುರುವಾಯಿತು. ನೀರು ಆವಿಯಾಗಿ ಹೊರಬರಲು ದಾರಿ ಸಿಗದೆ ಮಣ್ಣನ್ನು ಸೀಳುವ ಸದ್ದು. ಪ್ರತಿ ಸದ್ದಿಗೂ ಅಜ್ಜ ನನ್ನ ಮುಖ ನೋಡದೆ ಬೇರೆಲ್ಲೋ ನೋಡುತ್ತಿದ್ದರು. ಇಪ್ಪತ್ತಾರರಲ್ಲಿ ಉಳಿದದ್ದು ಏಳು.

ಮರುದಿನ ಹೋದಾಗ ಅಜ್ಜ ಒಡೆದ ಚೂರುಗಳನ್ನು ಒರಳಿಗೆ ಹಾಕಿ ಕುಟ್ಟುತ್ತಿದ್ದರು. ಜರಡಿ ಹಿಡಿದು ಆ ಪುಡಿಯನ್ನು ಹೊಸ ಮಣ್ಣಿಗೆ ಬೆರೆಸಿಕೊಟ್ಟರು. ಒಮ್ಮೆ ಸುಟ್ಟ ಮಣ್ಣು ಒಣಗುವಾಗ ಕುಗ್ಗುವುದಿಲ್ಲ, ಆವಿ ಹೋಗಲು ಸಂದು ಬಿಡುತ್ತದೆ. ಹಸಿ ಮಣ್ಣಿಗೆ ಅದು ಎಲುಬಿದ್ದ ಹಾಗೆ. ಸುಳ್ಳಿನ ಮಾತನ್ನು ಅವರು ಎತ್ತಲಿಲ್ಲ. ನಾನೇ ಇಲ್ಲಿ ಎತ್ತುತ್ತಿದ್ದೇನೆ: ಅಜ್ಜಾ, ಅಂದು ಒಣಗಿರಲಿಲ್ಲ. ನಿಮಗೆ ಗೊತ್ತಿತ್ತು ಎಂಬುದೂ ನನಗೆ ಗೊತ್ತು.

ಎರಡನೇ ಸಲ ನಲವತ್ತು ಬಡಿದೆ, ನೆರಳಲ್ಲಿ ಹದಿನೈದು ದಿನ ಒಣಗಿಸಿದೆ, ಎಲ್ಲವನ್ನೂ ಕೆನ್ನೆಗೆ ಹಿಡಿದೆ. ಮೂವತ್ತೊಂದು ಉಳಿದವು. ಗಾಳಿ ತಾಗಿದ ಕಡೆ ಕೆಂಪು, ಹೊಗೆ ಕವಿದ ಕಡೆ ಕಪ್ಪು, ಥೇಟ್ ಹಂಚಿನ ಮೇಲೆ ಸೀದ ಕಲೆಗಳು. ಬಣ್ಣ ಹಚ್ಚುವ ಯೋಚನೆಯಿತ್ತು, ಕೈಬಿಟ್ಟೆ.

ಸಾಗಿಸುವ ದಿನ ಹೊಳೆ ತುಂಬಿ ಕಂಪ್ಲಿ ಸೇತುವೆ ಮುಳುಗಿತ್ತು. ಹೊಸಪೇಟೆಯ ಮೇಲೆ ಸುತ್ತಿ ಹೋಗಬೇಕು. ಶಕ್ತಿ ಯೋಜನೆಯಲ್ಲಿ ನನಗೆ ಶೂನ್ಯ ಟಿಕೆಟ್, ನನ್ನ ಮಣ್ಣಿಗೆ ಲಗೇಜ್ ಚೀಟಿ! ಚೀಟಿ ಹರಿದ ಕಂಡಕ್ಟರ್ ಅಣ್ಣನೇ ಟೊಮೆಟೊ ಕ್ರೇಟ್ ಎರಡನ್ನೂ ತಮ್ಮ ಸೀಟಿನ ಮೇಲಿಟ್ಟು ಬಳ್ಳಾರಿಯವರೆಗೆ ನಿಂತೇ ಬಂದರು. ಒಂದೂ ಒಡೆಯಲಿಲ್ಲ.

“ಇದು ಅಡುಗೆಮನೆಯ ಸಾಮಾನು, ಇದರಲ್ಲಿ ಕಲೆ ಎಲ್ಲಿದೆ?” ಎಂದು ಕೇಳಿದ ಹಿರಿಯರಿಗೂ ವಂದನೆ. ಉತ್ತರ ಆಗ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ.

ಕೊನೆಯ ದಿನ ಅವ್ವ ಬಂದಳು. ಹಲಗೆಯ ಉದ್ದಕ್ಕೂ ಒಂದೊಂದನ್ನೇ ನೋಡುತ್ತ ಹೋಗಿ ಒಂದನ್ನು ಎತ್ತಿಕೊಂಡಳು. ಮುಟ್ಟಬಾರದು ಎಂದು ಬರೆದ ಚೀಟಿ ಅಲ್ಲೇ ಇತ್ತು. ಅಂಚನ್ನು ಬೆರಳಿನಿಂದ ಸವರಿ, “ಎಡಗೈಯದು” ಎಂದಳು. ಹೌದೆಂದೆ. “ಬಲಗಡೆ ದಪ್ಪ ಉಳಿದಿದೆ, ಇದು ಬೇಯುವುದಿಲ್ಲ” ಎಂದು ಮಗುಚಿ ಇಟ್ಟಳು. ಇಡೀ ಪ್ರದರ್ಶನದಲ್ಲಿ ನನ್ನ ಕೆಲಸವನ್ನು ಅಷ್ಟು ಸರಿಯಾಗಿ ನೋಡಿದವರು ಬೇರೆ ಯಾರೂ ಇರಲಿಲ್ಲ. ಅವಳು ಮಗುಚಿಟ್ಟದ್ದನ್ನು ಸಂಜೆಯವರೆಗೂ ಹಾಗೆಯೇ ಬಿಟ್ಟೆ.

ಹೊಟ್ಟು ಕೊಟ್ಟ ಅಕ್ಕಿ ಗಿರಣಿಯ ಮಾವನವರೇ, ನಿಮ್ಮ ಆರು ಚೀಲಗಳನ್ನು ಒಗೆದು ಒಣಗಿಸಿಟ್ಟಿದ್ದೇನೆ. ಮಳೆ ಬಿಟ್ಟ ದಿನ ತಂದು ಕೊಡುತ್ತೇನೆ.