ಅಕ್ಕ ಬಂದ್ರು, ಬಾಲ್ ತಗೊಳ್ರೇ

ಪ್ರಿಯ ಓದುಗರೇ,

ಎಲ್ಲರಿಗೂ ಯುಗಾದಿಯ ಶುಭಾಶಯಗಳು. ಹಬ್ಬದ ಕಾರ್ಯಕ್ರಮದ ವಿವರ, ಮಕ್ಕಳ ನಾಟಕದ ಫೋಟೋ ಎಲ್ಲ ಒಳಗಿನ ಪುಟಗಳಲ್ಲಿವೆ. ಇಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ಬಗ್ಗೆ ಬರೆಯುತ್ತೇನೆ.

ಕಳೆದ ಜುಲೈನಲ್ಲಿ ಅಮ್ಮನನ್ನು ನೋಡಲು ಬೆಂಗಳೂರಿಗೆ ಹೋಗಿದ್ದೆ. ಅದೇ ಹೊತ್ತಿಗೆ ಅಮೆರಿಕದ ನಮ್ಮ ಕನ್ನಡ ಸಂಘದ ಒಬ್ಬ ಹುಡುಗಿ ಅಲ್ಲಿ ಐದು ವಾರ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದಳು. ಇಲ್ಲೇ ಅಮೆರಿಕದಲ್ಲಿ ಹುಟ್ಟಿ ಬೆಳೆದವಳು. ಹೈಸ್ಕೂಲ್ ತಂಡದಲ್ಲಿ ನಾಲ್ಕು ವರ್ಷ ಆಡಿ ಈಗ ಕಾಲೇಜಿನಲ್ಲಿದ್ದಾಳೆ. ಮಲ್ಲೇಶ್ವರದ ಅಮ್ಮನ ಮನೆಯಿಂದ ಆ ಕೋರ್ಟಿಗೆ ನಡೆದರೆ ಹತ್ತು ನಿಮಿಷ. ಒಂದು ಬೆಳಿಗ್ಗೆ ಐದೂ ಮುಕ್ಕಾಲಿಗೆ ಹೋದೆ. ರಾತ್ರಿ ಮಳೆ ಸುರಿದಿತ್ತು. ಹುಡುಗಿಯರು ಪೊರಕೆ ಹಿಡಿದು ಸಿಮೆಂಟ್ ನೆಲದ ಮೇಲಿನ ನೀರು ತಳ್ಳುತ್ತಿದ್ದರು. ಹೊಂಗೆ ಎಲೆಗಳು ನೆಲಕ್ಕೆ ಅಂಟಿಕೊಂಡಿದ್ದವು. ಅವು ಪೊರಕೆಗೆ ಬರೋದಿಲ್ಲ, ಒಂದೊಂದನ್ನೇ ಉಗುರಲ್ಲಿ ಎಬ್ಬಿಸಿ ತೆಗೀಬೇಕು. ನಮ್ಮ ಹುಡುಗಿಯೂ ಕುಕ್ಕರಗಾಲಲ್ಲಿ ಕೂತು ಎಲೆ ತೆಗೆಯುತ್ತಿದ್ದಳು.

ನೆಲ ಒಣಗಿದ ಮೇಲೆ ಒಬ್ಬೊಬ್ಬರೇ ಗೆರೆ ಹತ್ತಿರ ಬಂದು, ಬಗ್ಗಿ ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟರು. ಅವಳೂ ಹಾಗೇ ಮಾಡಿದಳು. ಮೊದಲ ದಿನ ಗೊತ್ತಿಲ್ಲದೆ ಸೀದಾ ಒಳಗೆ ನಡೆದುಬಿಟ್ಟಿದ್ದಳಂತೆ. ಯಾರೂ ಏನೂ ಅನ್ನಲಿಲ್ಲ. ಮಾರನೇ ದಿನ ಒಬ್ಬ ಪುಟ್ಟ ಹುಡುಗಿ ಕೈ ಹಿಡಿದು ನಿಲ್ಲಿಸಿ, ಹೇಗೆ ಅಂತ ತೋರಿಸಿಕೊಟ್ಟಳಂತೆ.

ನಾವಿರುವ ಊರಿಂದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ಗೆ ಕಾರಿನಲ್ಲಿ ಒಂದೂವರೆ ಗಂಟೆ. 1891ರ ಡಿಸೆಂಬರ್‌ನಲ್ಲಿ ಅಲ್ಲಿನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರು ಮಾಡಿದರು. ಚಳಿಗಾಲದಲ್ಲಿ ಒಳಗೇ ಆಡುವಂಥದ್ದು ಏನಾದರೂ ಬೇಕಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿ, 13 ನಿಯಮ, 18 ವಿದ್ಯಾರ್ಥಿಗಳು, ಅಷ್ಟೇ. ನೈಸ್ಮಿತ್ ಕೂಡ ಕೆನಡಾದಿಂದ ಬಂದವರು, ನಮ್ಮ ಹಾಗೆ ಹೊರಗಿನವರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಅಲ್ಲಿ ಕಲಿತ ಪಿ.ಟಿ. ಮೇಷ್ಟ್ರುಗಳು ಶಾಲೆ ಶಾಲೆಗೆ ಹೋದರು, ಅವರ ಜೊತೆ ಆಟವೂ ಹೋಯಿತು. ಹಾಗಾಗಿ ನಮ್ಮ ಹುಡುಗಿ ಬೆಂಗಳೂರಿಗೆ ಬ್ಯಾಸ್ಕೆಟ್‌ಬಾಲ್ ತಗೊಂಡು ಹೋದಳು ಅಂತ ಯಾರಾದರೂ ಹೇಳಿದರೆ ನನಗೆ ಸರಿ ಅನ್ನಿಸೋದಿಲ್ಲ. ಅಲ್ಲಿ ಆಟ ಇತ್ತು, ಹೇಳಿಕೊಡುವವರೂ ಇದ್ದರು. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದದ್ದು ಬೆಂಗಳೂರಲ್ಲೇ. ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು ಸೋಲಿಸಿ ಭಾರತ ಎ ವಿಭಾಗಕ್ಕೆ ಏರಿತು. ಆಗಿನ ಕೋಚ್ ಸರ್ಬಿಯಾದ ಜೋರಾನ್ ವಿಸಿಚ್. ಕೋಚ್ ಹೊರಗಿನವರು, ನಿಜ. ಆದರೆ ಎಳೇ ವಯಸ್ಸಲ್ಲಿ ಆ ಆಟಗಾರ್ತಿಯರ ಕೈಗೆ ಬಾಲ್ ಕೊಟ್ಟು ನಿಲ್ಲಿಸಿದವರು ಊರೂರಿನ ಸರ್‌ಗಳು, ಮಿಸ್‌ಗಳು.

ಈ ಕೋರ್ಟಿನಲ್ಲೂ ಅಂಥ ಒಬ್ಬರು ಸರ್ ಇದ್ದಾರೆ. ಅರವತ್ತು ದಾಟಿದೆ. ಮೊದಲ ಅರ್ಧ ಗಂಟೆ ಬಾಲ್ ಮುಟ್ಟೋಕೆ ಬಿಡೋದಿಲ್ಲ. ‘ಮೊದಲು ಕಾಲು, ಆಮೇಲೆ ಕೈ’ ಅನ್ನುತ್ತಾರೆ. ನಮ್ಮ ಹುಡುಗಿಗೆ ಮೊದಲ ವಾರ ಇದು ಹಿಡಿಸಲಿಲ್ಲ. ಅವಳು ಇಲ್ಲಿಂದ ಎರಡು ಒಳ್ಳೆಯ ಬಾಲ್ ತಗೊಂಡು ಹೋಗಿದ್ದಳು. ಮರದ ನೆಲದ ಮೇಲೆ ಆಡುವಂಥವು. ಸಿಮೆಂಟ್ ಅವನ್ನು ಹತ್ತೇ ದಿನದಲ್ಲಿ ತಿಂದುಹಾಕಿತು. ಆಮೇಲೆ ಸರ್ ಹತ್ತಿರ ಇದ್ದ ರಬ್ಬರ್ ಬಾಲ್‌ಗಳೇ ಗತಿ. ಸವೆದು ನುಣ್ಣಗಾದ ಬಾಲ್, ಒದ್ದೆ ನೆಲ. ಕಾಲು ಸರಿಯಾಗಿ ಊರದಿದ್ದರೆ ಬಿದ್ದು ಮಂಡಿ ತರಚಿಕೊಳ್ಳೋದು ಖಂಡಿತ. ಸರ್ ಅರ್ಧ ಗಂಟೆ ಕಾಲಿಗೇ ಯಾಕೆ ಕೊಡುತ್ತಾರೆ ಅಂತ ಆಗ ಅವಳಿಗೆ ಗೊತ್ತಾಯಿತು.

ಅವಳು ಕೊಟ್ಟದ್ದೂ ಇದೆ, ಅದು ಸಣ್ಣದಲ್ಲ. ಡಿಫೆನ್ಸ್ ಮಾಡುವಾಗ ಐದೂ ಜನ ಮಾತಾಡುತ್ತಲೇ ಇರಬೇಕು. ಯಾರು ನುಗ್ಗುತ್ತಿದ್ದಾರೆ, ಬೆನ್ನ ಹಿಂದೆ ಯಾರು ನಿಂತಿದ್ದಾರೆ, ಬಾಲ್ ಯಾರು ಹಿಡೀತಾರೆ ಅಂತ ಕೂಗಿ ಹೇಳಬೇಕು. ಇಲ್ಲಿ ಮಕ್ಕಳಿಗೆ ಇದನ್ನು ಚಿಕ್ಕಂದಿನಲ್ಲೇ ಹೇಳಿಕೊಡುತ್ತಾರೆ. ಅಲ್ಲಿ ಹುಡುಗಿಯರು ಬಾಯೇ ಬಿಡುತ್ತಿರಲಿಲ್ಲ. ದೊಡ್ಡವರ ಮುಂದೆ ಜೋರಾಗಿ ಮಾತಾಡಬೇಡ ಅಂತ ಕೇಳಿಕೊಂಡೇ ಬೆಳೆದವರು ಅಲ್ವಾ. ಇಂಗ್ಲಿಷ್‌ನಲ್ಲಿ ಕೂಗಲು ಹೇಳಿಕೊಟ್ಟಳು. ಪದ ನೆನಪಾಗುವಷ್ಟರಲ್ಲಿ ಎದುರಾಳಿ ಬಾಸ್ಕೆಟ್ ಹಾಕಿಬಿಡುತ್ತಿದ್ದಳು. ಆಗ ಅವಳು ಎಲ್ಲರನ್ನೂ ಸುತ್ತ ಕೂರಿಸಿ, ‘ಮನೇಲಿ ತಮ್ಮ ನಿನ್ನ ಚಾಕ್ಲೇಟ್ ಕಿತ್ಕೊಂಡ್ರೆ ಏನಂತ ಕೂಗ್ತೀಯ?’ ಅಂತ ಕೇಳಿದಳು. ‘ನಂದು!’ ಅಂದಳು ಒಬ್ಬಳು. ಅಲ್ಲಿಂದ ಶುರು. ಬುಟ್ಟಿಗೆ ಬೀಳದೆ ಪುಟಿದು ಬಂದ ಬಾಲ್, ಅಂದರೆ ರೀಬೌಂಡ್‌ಗೆ ‘ನಂದು!’. ಎದುರಾಳಿ ನುಗ್ಗಿದರೆ ‘ಬಂದ್ಳು!’. ‘ಎಡಗಡೆ!’, ‘ಹಿಂದೆ!’. ಅಡ್ಡ ನಿಂತು ಸ್ಕ್ರೀನ್ ಕೊಡುವವಳು ‘ಗೋಡೆ!’. ನಾನು ಹೋದ ದಿನ ಇಡೀ ಕೋರ್ಟ್ ಈ ಐದು ಪದಗಳಿಂದ ಗದ್ದಲವಾಗಿತ್ತು. ಬೆಂಚ್ ಮೇಲೆ ಕೂತಿದ್ದ ನನಗೆ ಗಂಟಲು ಕಟ್ಟಿತು.

ಈಗ ನಮ್ಮ ಭಾನುವಾರದ ಕನ್ನಡ ತರಗತಿಯ ಮಾತು ಹೇಳಲೇಬೇಕು. ಆ ಹುಡುಗಿ ಅಲ್ಲಿ ಎಂಟು ವರ್ಷ ಕಲಿತಿದ್ದಾಳೆ. ಅಕ್ಷರ ಗೊತ್ತು, ಹಣ್ಣು ತರಕಾರಿ ಹೆಸರು ಗೊತ್ತು, ಹೂವಿನ ಹೆಸರೂ ಗೊತ್ತು. ಆದರೆ ಬೆಂಗಳೂರಿನ ಮೊದಲ ದಿನ ಸರ್‌ಗೆ ‘ಸರ್, ನೀನು ನೋಡು’ ಅಂದಳಂತೆ. ಮಕ್ಕಳು ಬೆಚ್ಚಿಬಿದ್ದರು. ಸರ್ ನಕ್ಕು ಸುಮ್ಮನಾದರು. ತಪ್ಪು ಅವಳದ್ದಲ್ಲ. ಅಪ್ಪ ಅಮ್ಮ ಅವಳನ್ನು ‘ನೀನು’ ಅನ್ನುತ್ತಾರೆ, ಕಿವಿಗೆ ಬಿದ್ದದ್ದು ಅಷ್ಟೇ. ‘ನೀವು’ ಅನ್ನಬೇಕಾದ ಮನುಷ್ಯರೇ ಇಲ್ಲಿ ಅವಳ ದಿನದಲ್ಲಿ ಇಲ್ಲ. ಕೋರ್ಟಿನಲ್ಲಿ ಸರ್ ಸಿಕ್ಕರು, ‘ನೀವು’ ಬಂತು. ಬಗ್ಗು, ತಿರುಗು, ಬಿಡ್ಬೇಡ, ತಳ್ಬೇಡ, ಇನ್ನೊಂದ್ಸಲ ಎಲ್ಲ ಬಂತು. ಮೊದಲು ‘ಮ್ಯಾಮ್’ ಅನ್ನುತ್ತಿದ್ದ ಮಕ್ಕಳು ಎರಡನೇ ವಾರದಲ್ಲಿ ‘ಅಕ್ಕ’ ಅನ್ನತೊಡಗಿದರು. ಗೇಟಿನಲ್ಲಿ ಅವಳ ತಲೆ ಕಂಡರೆ ಸಾಕು, ‘ಅಕ್ಕ ಬಂದ್ರು, ಬಾಲ್ ತಗೊಳ್ರೇ’ ಅಂತ ಒಬ್ಬಳು ಕೂಗುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಮಗಳು, ಅವಳನ್ನು ಇದುವರೆಗೆ ಯಾರೂ ಅಕ್ಕ ಅಂದಿರಲಿಲ್ಲ.

ಅದಕ್ಕೇ ನಿಮ್ಮೆಲ್ಲರಲ್ಲಿ ನನ್ನದೊಂದು ಮನವಿ. ನಮ್ಮಲ್ಲಿ ಆಟ ಚೆನ್ನಾಗಿ ಬರುವ ಮಕ್ಕಳು ತುಂಬ ಜನ ಇದ್ದಾರೆ. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮದುವೆ, ಶಾಪಿಂಗ್ ಅಂತ ಸುತ್ತಿಸಿ ವಾಪಸ್ ಕರೆತರಬೇಡಿ. ಒಂದು ಕೋರ್ಟಿಗೆ ಸೇರಿಸಿ. ಮೂರು ದಿನದ ಕ್ಯಾಂಪ್, ಟಿ-ಶರ್ಟ್, ಗ್ರೂಪ್ ಫೋಟೋ ಬೇಡ. ಕಡಿಮೆ ಅಂದರೂ ನಾಲ್ಕು ವಾರ ಇರಲಿ, ಅಲ್ಲಿನ ಸರ್ ಕೈಕೆಳಗೆ ಇರಲಿ. ಸಂಘದಿಂದ ಏನು ಕಳಿಸಲಿ ಅಂತ ನಾನು ಸರ್‌ನ ಕೇಳಿದೆ. ಶೂ, ಬಾಲ್ ಅನ್ನುತ್ತಾರೆ ಅಂದುಕೊಂಡಿದ್ದೆ. ‘ಬಾಲ್ ಇಲ್ಲೇ ಸಿಗುತ್ತೆ ಮೇಡಂ, ದಿನಾ ಬರೋರನ್ನ ಕಳ್ಸಿ’ ಅಂದರು.

ಒಬ್ಬ ಹುಡುಗಿಯ ವಿಷಯ ಉಳಿಯಿತು. ‘ನಂದು!’ ಅಂತ ಮೊದಲು ಅಂದವಳು ಅವಳೇ. ಹತ್ತನೇ ಕ್ಲಾಸ್. ಆಗಸ್ಟ್‌ನಲ್ಲಿ ಬೆಳಗಿನ ಟ್ಯೂಷನ್ ಶುರುವಾಯಿತು, ಕೋರ್ಟಿಗೆ ಬರೋದು ನಿಂತಿತು. ನಮ್ಮ ಹುಡುಗಿ ಸರ್ ಜೊತೆ ಅವಳ ಮನೆಗೆ ಹೋದಳು. ಅವರಮ್ಮ ಕಾಫಿ ಕೊಟ್ಟರು, ಪ್ರೀತಿಯಿಂದಲೇ ಮಾತಾಡಿದರು. ‘ಹತ್ತನೇ ಕ್ಲಾಸ್ ಅಲ್ವಾ, ಒಂದು ವರ್ಷ ಬಿಟ್ಬಿಡ್ಲಿ’ ಅಂದರು. ಅವರ ಕಷ್ಟವೂ ನಮಗೆ ಅರ್ಥವಾಗುತ್ತದೆ. ಆದರೆ ಆ ವಯಸ್ಸಿನಲ್ಲಿ ಬಿಟ್ಟವರು ವಾಪಸ್ ಬರೋದು ತುಂಬ ಕಡಿಮೆ ಅನ್ನುತ್ತಾರೆ ಸರ್. ವಾರಕ್ಕೆ ಒಂದು ದಿನ, ಭಾನುವಾರ ಮಾತ್ರ ಕಳಿಸಿ ಅಂತ ನಮ್ಮ ಹುಡುಗಿ ಕೇಳಿದಳು, ತನಗೆ ಬರುವಷ್ಟು ಕನ್ನಡದಲ್ಲಿ, ‘ನೀವು’ ಹಾಕಿಯೇ. ಆಗ ಅವರು ಒಪ್ಪಲಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ದಿನ ಹತ್ತಿರ ಬಂತು. ಅವಳ 8ನೇ ನಂಬರ್ ಜರ್ಸಿಯನ್ನು ಸರ್ ಇನ್ನೂ ಯಾರಿಗೂ ಕೊಟ್ಟಿಲ್ಲ.