ಮಗುವಿನ ಬದಲು ರಕ್ತದ ಮಾದರಿ ಪ್ರಯಾಣಿಸಲಿ

ಸ್ನಾಯು ಕ್ಷಯಿಸುವ ಆನುವಂಶಿಕ ಕಾಯಿಲೆಯನ್ನು ಖಚಿತಪಡಿಸುವ ವಂಶವಾಹಿ ಪರೀಕ್ಷೆಗಾಗಿ ನಮ್ಮ ಭಾಗದ ಬಡ ಕುಟುಂಬಗಳು ನಡೆಯಲಾಗದ ಮಕ್ಕಳನ್ನು ಹೊತ್ತು ದೂರದ ಬೆಂಗಳೂರಿಗೆ ಅಲೆಯುವುದು ತಪ್ಪಬೇಕು.

ನನ್ನ ತರಗತಿಯಲ್ಲಿದ್ದ ಬಾಲಕನೊಬ್ಬ ನೆಲದಿಂದ ಏಳುವಾಗ ತೊಡೆಗಳ ಮೇಲೆ ಕೈಯೂರಿಯೇ ಏಳುತ್ತಿದ್ದ. ಸೋಮಾರಿ ಎಂದರು, ಟಾನಿಕ್ ಕುಡಿಸಿದರು. ಅದು ಸ್ನಾಯು ಕ್ಷಯಿಸುವ ಡುಶೇನ್ ಕಾಯಿಲೆ ಎಂದು ತಿಳಿಯಲು ಮೂರು ವರ್ಷ ಹಿಡಿಯಿತು.

ರಕ್ತದಲ್ಲಿ ಸಿಪಿಕೆ ಕಿಣ್ವ ಏರಿದ್ದರೆ ಸ್ನಾಯುಹಾನಿಯ ಸುಳಿವು ಸಿಗುತ್ತದೆಯೇ ಹೊರತು ಕಾರಣ ತಿಳಿಯದು. ಈ ಕಾಯಿಲೆಯ ಮೂಲ ಡಿಸ್ಟ್ರೊಫಿನ್ ಎಂಬ ವಂಶವಾಹಿಯ ದೋಷ. ಅದರ 79 ಎಕ್ಸಾನ್‌ಗಳಲ್ಲಿ, ಅಂದರೆ ತುಣುಕುಗಳಲ್ಲಿ, ಯಾವುದು ಅಳಿಸಿಹೋಗಿದೆ, ಯಾವುದು ಇಮ್ಮಡಿಯಾಗಿದೆ ಎಂಬುದನ್ನು ಎಂಎಲ್‌ಪಿಎ ಎಂಬ ವಂಶವಾಹಿ ಪರೀಕ್ಷೆ ತೋರಿಸುತ್ತದೆ. ಡುಶೇನ್ ಇರುವ ಬಹುಪಾಲು ಮಕ್ಕಳಿಗೆ ಇಲ್ಲಿಯೇ ಉತ್ತರ ದೊರೆಯುತ್ತದೆ. ಉಳಿದವರಿಗೆ ವಂಶವಾಹಿಯನ್ನು ಅಕ್ಷರಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ಬೇಕು. ಪರೀಕ್ಷೆಗಾಗಿ ಸ್ನಾಯುವಿನ ತುಣುಕು ಕತ್ತರಿಸುವ ನೋವು ಹೆಚ್ಚಿನವರಿಗೆ ತಪ್ಪುತ್ತದೆ. ತಾಯಿ ವಾಹಕಳೇ, ಅಂದರೆ ದೋಷವುಳ್ಳ ವಂಶವಾಹಿಯನ್ನು ಹೊತ್ತವಳೇ ಎಂಬುದು ತಿಳಿದರೆ ಮುಂದಿನ ಗರ್ಭದ ಬಗ್ಗೆ ಮೊದಲೇ ವೈದ್ಯರ ಸಲಹೆ ಪಡೆಯಬಹುದು. ಎಲ್ಲಕ್ಕೂ ತಾಯಿಯನ್ನೇ ದೂಷಿಸುವ ಮನೆಯವರಿಗೆ ಇನ್ನೊಂದು ಮಾತನ್ನೂ ಹೇಳಬೇಕು: ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ತಾಯಿ ವಾಹಕಳೇ ಆಗಿರುವುದಿಲ್ಲ, ದೋಷ ಹೊಸದಾಗಿ ಮೂಡಿರುತ್ತದೆ.

ಇಷ್ಟಕ್ಕೆಲ್ಲ ಬೇಕಿರುವುದು ಕೆಲವೇ ಮಿಲಿಲೀಟರ್ ರಕ್ತ. ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಮಾದರಿ ಸಂಗ್ರಹಿಸಿ ನಿಮ್ಹಾನ್ಸ್‌ನಂತಹ ಕೇಂದ್ರಕ್ಕೆ ಕಳುಹಿಸಲಿ. ವರದಿ ಬಂದಾಗ ಅದನ್ನು ಕನ್ನಡದಲ್ಲಿ ತಾಳ್ಮೆಯಿಂದ ವಿವರಿಸುವ ಆಪ್ತಸಮಾಲೋಚಕರೂ ಅಲ್ಲಿರಲಿ. ವೆಚ್ಚವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಭರಿಸಬೇಕೆಂದು ಕೋರುತ್ತೇನೆ.

– ಪ್ರಾಥಮಿಕ ಶಾಲಾ ಶಿಕ್ಷಕಿ, ಸೇಡಂ, ಕಲಬುರಗಿ ಜಿಲ್ಲೆ